ತಂತಿಯಲ್ಲಿ ಬಿಟ್ಟ ಕಿತ್ತಳೆ

ದೇವರು ಮನುಷ್ಯನಿಗೆ ಬಾಯಿ ಒಂದೇ ಕೊಟ್ಟ. ಅದೊಂದು ದೊಡ್ಡ ಉಪಕಾರ. ಎರಡು ಕೊಟ್ಟಿದ್ದರೆ ಮೆನಶೆ ದರ್ವೀಶ ಎಂಬವನ ಗತಿ ಏನಾಗುತ್ತಿತ್ತು ಎಂದು ಯೋಚಿಸುವುದಕ್ಕೇ ಭಯವಾಗುತ್ತದೆ. ಇದ್ದ ಒಂದೇ ಬಾಯಲ್ಲಿ ಅವನು ಮಾಡಿಕೊಂಡ ಅವಾಂತರವನ್ನು ಇಸ್ರೇಲಿನ ಸಫೆದ್ ಊರಿನ ಮೇಲಿನ ಬೀದಿಯವರು ಇವತ್ತಿಗೂ ಮರೆತಿಲ್ಲ.

ಹಾಗಂತ ಮೆನಶೆ ಕೆಟ್ಟವನಲ್ಲ. ಹೀಟರ್ ರಿಪೇರಿ ಅವನ ಕಸುಬು. ಬೆಟ್ಟದ ನೆತ್ತಿಯ ಮೇಲಿನ ಊರು, ಚಳಿಗಾಲದಲ್ಲಿ ಹಿಮ ಬೀಳುವ ಊರು. ಅಂಥ ಕಡೆ ಹೀಟರ್ ರಿಪೇರಿಯವನಿಗೆ ಧರ್ಮಗುರುಗಳಾದ ರಬ್ಬಿಗಳಿಗಿಂತ ಒಂದು ಗುಲಗಂಜಿ ಹೆಚ್ಚೇ ಮರ್ಯಾದೆ. ಆ ಮರ್ಯಾದೆ ಸಾಕು ಎಂದುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಎರಡು ವರ್ಷದ ಹಿಂದೆ ಯಾವ ಗಳಿಗೆಯಲ್ಲೋ ಅವನ ತಲೆಗೆ ಕಿತ್ತಳೆ ಹೊಕ್ಕಿತು. ಕೆಳಗಿನ ಬಯಲಿನ ನರ್ಸರಿಯಿಂದ ಒಂದು ಸಸಿ ತಂದ. ಬೇರಿನ ಮಣ್ಣೆಲ್ಲ ತೊಳೆದು ನೆಟ್ಟರೆ ಒಳ್ಳೆಯದು ಎಂದು ರೇಡಿಯೋದಲ್ಲಿ ಯಾರೋ ಹೇಳಿದ್ದರಂತೆ. ಅಂಗಳದಲ್ಲಿ ಬಟ್ಟೆ ತೊಳೆಯುವ ಟಬ್ಬು ಇಟ್ಟು, ಬಿಸಿನೀರು ಹದ ಮಾಡಿ, ಎಳೆಮಗುವಿಗೆ ಎರೆದ ಹಾಗೆ ಆ ಸಸಿಗೆ ಎರೆದ. ಬೀದಿಯವರೆಲ್ಲ ಕಾಂಪೌಂಡಿನ ಮೇಲೆ ಗಲ್ಲ ಊರಿ ನೋಡಿದರು.

ಪಕ್ಕದ ಮನೆಯ ಶ್ರಾಗಾ ಕೃಷಿ ಇಲಾಖೆಯಲ್ಲಿದ್ದು ನಿವೃತ್ತನಾದವನು. ಇಲಾಖೆ ಅವನನ್ನು ಬಿಟ್ಟಿತ್ತೇ ಹೊರತು ಅವನು ಇಲಾಖೆಯನ್ನು ಬಿಟ್ಟಿರಲಿಲ್ಲ. ಕಿರಾಣಿ ಅಂಗಡಿಯಲ್ಲಿ ಎಲ್ಲರೆದುರು ತೀರ್ಪು ಕೊಟ್ಟ.

"ಸಫೆದ್ ಚಳೀಲಿ ಕಿತ್ತಳೆ ಬೆಳೀತಾನಂತೆ. ಅದರ ಬದಲು ಅಂಗಳದಲ್ಲಿ ಮೀನು ನೆಡು ಮೆನಶೆ. ಅದಾದರೂ ಚಿಗುರಿದರೆ ಚಿಗುರೀತು."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಗದೆ ಉಳಿದವಳು ಝರೀಫಾ ಅಜ್ಜಿ ಒಬ್ಬಳೇ. ಎಂಬತ್ತರ ಆಸುಪಾಸಿನ ಹೆಂಗಸು, ಕುರ್ದಿಸ್ತಾನದ ಝಾಖೋದಲ್ಲಿ ಹುಟ್ಟಿ ಚಿಕ್ಕಂದಿನಲ್ಲಿ ಇಲ್ಲಿಗೆ ಬಂದವಳು. ಮೆನಶೆಯ ಎದುರು ಮನೆಯ ನೆಲಮಹಡಿಯಲ್ಲಿ ಒಬ್ಬಳೇ ಇದ್ದಳು. ಅವಳ ಕಿಟಕಿ ಅವನ ಅಂಗಳಕ್ಕೇ ತೆರೆಯುತ್ತಿತ್ತು. ಔಷಧಿಯ ಡಬ್ಬಿ ಬಂದರೆ ಓದಿ ಹೇಳುವವನು ಮೆನಶೆ. ಬೆಳಗಿನದ್ದು ಇದು ಅಂದರೆ ಬೆಳಗ್ಗೆ, ರಾತ್ರಿಯದ್ದು ಅಂದರೆ ರಾತ್ರಿ, ಅವಳು ಕಣ್ಣು ಮುಚ್ಚಿ ನುಂಗುತ್ತಿದ್ದಳು.

"ಶ್ರಾಗಾ, ನಿನ್ನ ಗಿಡಗಳೆಲ್ಲ ಬೆಳೆದದ್ದು ಸರ್ಕಾರದ ಕಾಗದದಲ್ಲಿ," ಅಂದಳು ಅಜ್ಜಿ. "ಮೆನಶೆ ಹಣ್ಣು ಬರತ್ತೆ ಅಂದ್ನಲ್ಲ. ಬರತ್ತೆ. ಅವನು ಹೇಳಿದ ಮೇಲೆ ಮುಗೀತು."

ಒಬ್ಬ ಮನುಷ್ಯನನ್ನು ಹಾಳು ಮಾಡಬೇಕಾದರೆ ಅವನನ್ನು ನಂಬಿಬಿಡಬೇಕು. ಬೇರೇನೂ ಬೇಡ. ಅಂದಿನಿಂದ ಮೆನಶೆಗೆ ಗಿಡದ ವಿಷಯದಲ್ಲಿ ಸೋಲುವ ದಾರಿಯೇ ಮುಚ್ಚಿಹೋಯಿತು. ಯಾರು ಕೇಳಿದರೂ ಗಿಡ ಚೆನ್ನಾಗಿದೆ, ತುಂಬ ಚೆನ್ನಾಗಿದೆ, ಅದರಷ್ಟು ಚೆನ್ನಾಗಿ ನಾನೂ ಇಲ್ಲ ಎನ್ನುತ್ತ ಬಂದ. ಗಿಡ ಮಾತ್ರ ಎರಡನೆಯ ವಸಂತದಲ್ಲಿ ನಾಲ್ಕಾರು ಹೂ ಬಿಟ್ಟು, ಗಾಳಿಗೆ ಅವನ್ನೂ ಉದುರಿಸಿ, ನನ್ನ ಕೈಲಾದದ್ದು ಇಷ್ಟೇ ಎಂಬಂತೆ ನಿಂತಿತ್ತು.

ದೀಪ ಹಚ್ಚುವ ಹನುಕ್ಕಾ ಹಬ್ಬದಲ್ಲಿ ಊಟಕ್ಕೆ ಕೂತಾಗ ಅವನ ಹೆಂಡತಿಯ ಅಣ್ಣ ಕಾಲೇವ್ ಮಾತು ತೆಗೆದ. ಕಾಲೇವ್ ಬೀದಿಯವರು ಪ್ರಾರ್ಥನೆಗೆ ಸೇರುವ ಸಭಾಮಂದಿರದ ಮೇಲ್ವಿಚಾರಕ. ದೀಪದ ಬತ್ತಿಯಿಂದ ಹಿಡಿದು ರಬ್ಬಿಗಳ ಕುರ್ಚಿಯ ಕಾಲಿನವರೆಗೆ ಎಲ್ಲ ಅವನ ಸುಪರ್ದಿ.

"ತೂ ಬಿಶ್ವಾತ್ ಹತ್ರ ಬಂತು. ಮರಗಳ ಹಬ್ಬಕ್ಕೆ ನಿನ್ನ ಮರದಿಂದ ಏನಾದರೂ ಉಂಟಾ ಮೆನಶೆ, ಇಲ್ಲ ಬರೀ ಎಲೆಯಾ?"

"ಎಲೆಯಾ? ಒಂದು ಬುಟ್ಟಿ ಹಣ್ಣು ತರ್ತೀನಿ ಭಾವ. ಇಡೀ ಸಭೆಗೆ ಆಗತ್ತೆ," ಅಂದ ಮೆನಶೆ. ಆಡಿದ್ದು ತಾನೇ ಎಂದು ಅವನಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಎದುರು ಕೂತಿದ್ದ ಹೆಂಡತಿ ಟಿಕ್ವಾ ಕೈಯಲ್ಲಿದ್ದ ಆಲೂ ವಡೆಯನ್ನು ತಟ್ಟೆಗೆ ವಾಪಸ್ ಇಟ್ಟಳು.

ಹಬ್ಬದ ಹಿಂದಿನ ದಿನ ಮೆನಶೆ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಬಸ್ಸು ಹತ್ತಿ ಬೆಟ್ಟದ ಕೆಳಗಿನ ಟೈಬೀರಿಯಸ್ ಪಟ್ಟಣಕ್ಕೆ ಇಳಿದ. ಸಫೆದ್‌ನಲ್ಲೇ ಕೊಂಡರೆ ಅವನು ಮನೆ ಮುಟ್ಟುವ ಮುಂಚೆ ಸುದ್ದಿ ಮುಟ್ಟುತ್ತದೆ. ಸರೋವರದ ಪಕ್ಕದ ಮಾರುಕಟ್ಟೆಯಲ್ಲಿ ಎಲೆ ಸಮೇತ ಕಿತ್ತ ಕಿತ್ತಳೆ ರಾಶಿ ಬಿದ್ದಿತ್ತು. ಆರಿಸಿ ಆರಿಸಿ ಒಂದು ಚೀಲ ತುಂಬಿಸಿದ. ಮಾರನೆಯ ಬೆಳಗ್ಗೆ ಬೆಳಕು ಹರಿಯುವಷ್ಟರಲ್ಲಿ ಏಣಿ ಹಾಕಿ, ಹೀಟರಿನ ತೆಳ್ಳನೆಯ ತಾಮ್ರದ ತಂತಿಯಿಂದ ಒಂದೊಂದೇ ಹಣ್ಣನ್ನು ಕೊಂಬೆಗೆ ಬಿಗಿಯುತ್ತಿದ್ದಾಗ ಟಿಕ್ವಾ ಕಸದ ಬುಟ್ಟಿ ಹಿಡಿದು ಹೊರಗೆ ಬಂದಳು. ಬಂದವಳು ಹಾಗೇ ನಿಂತಳು.

"ಏನು ಮಾಡ್ತಿದ್ದೀಯ?"

"ಗಿಡಕ್ಕೆ ಧೈರ್ಯ ತುಂಬ್ತಿದ್ದೀನಿ," ಅಂದ ಮೆನಶೆ. "ಮುಂದಿನ ವರ್ಷ ಅದೇ ಬಿಡತ್ತೆ. ಈ ವರ್ಷ ಸ್ವಲ್ಪ ಕೈಸಹಾಯ ಅಷ್ಟೆ."

"ನಿನ್ನ ಮದುವೆ ಆಗುವಾಗ ಅಮ್ಮ ನನ್ನನ್ನ ಕೇಳಿದ್ದಳು, ಹುಡುಗ ಸರಿ ಇದ್ದಾನಾ ಅಂತ. ನಾನೂ ಹೂಂ ಅಂದುಬಿಟ್ಟೆ," ಎಂದು ಟಿಕ್ವಾ ಒಳಗೆ ಹೋದಳು.

ಬೆಳಕಾಯಿತು. ಶ್ರಾಗಾ ಕಾಂಪೌಂಡಿನ ಹತ್ತಿರ ಬಂದ, ನೋಡಿದ, ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ, ಮತ್ತೆ ನೋಡಿದ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅದೊಂದು ಗಳಿಗೆ ಮೆನಶೆಯ ಜೀವನದಲ್ಲೇ ಅತಿ ಸುಖದ ಗಳಿಗೆ. ಅದು ಹೆಚ್ಚು ಹೊತ್ತು ಬಾಳಲಿಲ್ಲ. ಎದುರಿನ ಕಿಟಕಿ ತೆರೆಯಿತು. ಝರೀಫಾ ಅಜ್ಜಿ ಹಣ್ಣು ತುಂಬಿದ ಮರ ನೋಡಿ ಎರಡೂ ಕೈ ಮೇಲೆತ್ತಿ ದೇವರನ್ನು ಕೊಂಡಾಡಿದಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ನೋಡಿದೆಯಾ ಮಗಾ, ನಾನು ಹೇಳಿರಲಿಲ್ಲವಾ? ತಡಿ, ಹತ್ತಿರದಿಂದ ನೋಡ್ತೀನಿ, ಬಂದೆ."

"ಬರಬೇಡಿ ಅಜ್ಜಿ," ಎಂದು ಮೆನಶೆ ಮರಕ್ಕೆ ಅಡ್ಡ ನಿಂತ. "ಅಂಗಳ ಜಾರತ್ತೆ. ಮರವೂ ಸ್ವಲ್ಪ ಸಂಕೋಚದ್ದು, ಮೊದಲನೇ ಸಲ ನೋಡಿ." ಯಾರಾದರೂ ಹತ್ತಿರ ಬರುವ ಮುಂಚೆಯೇ ಹಣ್ಣೆಲ್ಲ ಬಿಡಿಸಿ, ತಂತಿಯನ್ನು ಜೇಬಿಗೆ ತುರುಕಿಕೊಂಡು ಬುಟ್ಟಿ ತುಂಬಿದ.

ಸಂಜೆ ಸಭಾಮಂದಿರದ ಹಜಾರದಲ್ಲಿ ಉದ್ದನೆಯ ಮೇಜು. ಖರ್ಜೂರ, ಅಂಜೂರ, ಬಾದಾಮಿ, ದಾಳಿಂಬೆ, ಮುಂದೆ ನಾಲ್ಕು ಬಟ್ಟಲಿಗೆ ಬಿಳಿಯಿಂದ ಕೆಂಪಿನವರೆಗೆ ದ್ರಾಕ್ಷಾರಸ. ನಡುವೆ ಮೆನಶೆಯ ಬುಟ್ಟಿ. ರಬ್ಬಿ ಎಲ್ಕಾನಾ ಸಾಧು ಮನುಷ್ಯರು. ಯಾರ ಮನಸ್ಸಿಗೂ ನೋವಾಗಬಾರದೆಂದು ಎಲ್ಲರ ಮನೆಯ ಹಣ್ಣನ್ನೂ ತಿನ್ನುವವರು, ಹಾಗಾಗಿ ಪ್ರತಿ ವರ್ಷ ಹಬ್ಬದ ಮರುದಿನ ಹೊಟ್ಟೆನೋವಿನಿಂದ ಮಲಗುವವರು. ಸಿಪ್ಪೆ ಸುಲಿದು ತಿನ್ನುವ ಹಣ್ಣು ಮೊದಲು ಎಂಬ ಕ್ರಮದಂತೆ ಕಿತ್ತಳೆಯನ್ನೇ ಮೊದಲು ಹಂಚಿಸಿದರು.

ಝರೀಫಾ ಅಜ್ಜಿ ಎದ್ದು ನಿಂತು, ಹೊಸ ಫಲ ಕಾಣುವವರೆಗೆ ಬದುಕಿಸಿದ ದೇವರಿಗೆ ಸ್ತೋತ್ರ ಹೇಳಿ ತಿಂದಳು. ಒಂದು ತಿಂದಳು, ಇನ್ನೊಂದು ತಿಂದಳು. ಶ್ರಾಗಾ ಎರಡು ತೊಳೆ ಬಾಯಿಗೆ ಹಾಕಿಕೊಂಡು, ಜಗಿದು, ಕಣ್ಣು ಮುಚ್ಚಿ ತಲೆ ತಗ್ಗಿಸಿದ. ಮಕ್ಕಳು ಸಿಪ್ಪೆ ಹಿಂಡಿ ಒಬ್ಬರ ಕಣ್ಣಿಗೆ ಒಬ್ಬರು ಸಿಡಿಸಿದರು. ಬುಟ್ಟಿ ಖಾಲಿಯಾಯಿತು.

ಆಗ ರಬ್ಬಿಗಳು ಬಟ್ಟಲು ಹಿಡಿದು ಉಪದೇಶಕ್ಕೆ ಎದ್ದರು. "ಈ ಹಬ್ಬ ಯಾಕೆ ಬಂತು? ಮರದ ವಯಸ್ಸು ಎಣಿಸೋದಕ್ಕೆ. ಇವತ್ತಿಗೆ ಮರಕ್ಕೆ ಒಂದು ವರ್ಷ ತುಂಬತ್ತೆ. ನೆಟ್ಟ ಮೊದಲ ಮೂರು ವರ್ಷದ ಫಲ ಓರ್ಲಾ. ಅದನ್ನ ತಿನ್ನೋ ಹಾಗಿಲ್ಲ, ಮಾರೋ ಹಾಗಿಲ್ಲ, ದನಕ್ಕೆ ಹಾಕೋ ಹಾಗೂ ಇಲ್ಲ. ಉದಾಹರಣೆಗೆ ನಮ್ಮ ಮೆನಶೆ..." ಎಂದು ಪ್ರೀತಿಯಿಂದ ಬುಟ್ಟಿಯ ಕಡೆ ಕೈ ಚಾಚಿದವರು, ಚಾಚಿದ ಕೈಯನ್ನು ಹಾಗೇ ಗಾಳಿಯಲ್ಲಿ ಬಿಟ್ಟರು.

ಜಗಿಯುತ್ತಿದ್ದವರು ಜಗಿಯುವುದನ್ನು ನಿಲ್ಲಿಸಿದರು.

"ಮೆನಶೆ, ಗಿಡ ನೆಟ್ಟಿದ್ದು ಯಾವಾಗ?"

ಮೆನಶೆ ಬಾಯಿ ತೆರೆಯುವ ಮುಂಚೆ ಹತ್ತು ಜನ ಉತ್ತರ ಕೊಟ್ಟರು. ಎರಡು ವರ್ಷದ ಹಿಂದೆ, ಹಿಮಕ್ಕೆ ಮಂದಿರದ ಹೆಂಚು ಒಡೆದ ವರ್ಷ. ಒಬ್ಬರಿಗೂ ಅನುಮಾನವಿಲ್ಲ. ತಿನ್ನುವಾಗ ಯಾರಿಗೂ ನೆನಪಾಗದ ಲೆಕ್ಕ ತಿಂದು ಮುಗಿಸಿದ ಮೇಲೆ ಎಲ್ಲರಿಗೂ ಬಾಯಿಪಾಠವಾಗಿತ್ತು.

ರಬ್ಬಿಗಳು ಹಣೆ ಒರೆಸಿಕೊಂಡರು. "ಗಾಬರಿ ಬೇಡ. ದಾರಿ ಇದೆ. ನರ್ಸರಿ ಸಸಿ ಅಲ್ವಾ? ಬೇರಿನ ಮಣ್ಣುಂಡೆ ಸಮೇತ ನೆಟ್ಟಿದ್ದರೆ ನರ್ಸರಿಯ ವರ್ಷಗಳೂ ಸೇರ್ತವೆ. ಮಣ್ಣು ಇತ್ತು ತಾನೇ ಮೆನಶೆ? ಇತ್ತು ಅನ್ನಪ್ಪ."

ಎಲ್ಲರೂ ಆಸೆಯಿಂದ ಮೆನಶೆಯನ್ನು ನೋಡಿದರು. ಶ್ರಾಗಾ ಬಹಳ ದುಃಖದಿಂದ ಎದ್ದು ನಿಂತ.

"ಇರಲಿಲ್ಲ ರಬ್ಬಿಗಳೇ. ಟಬ್ಬಲ್ಲಿ ಕೂರಿಸಿ ಸ್ನಾನ ಮಾಡಿಸಿದ. ಒಂದು ಕಣ ಮಣ್ಣು ಉಳಿಸಲಿಲ್ಲ. ನಾನೇ ನೋಡಿದ್ದೀನಿ."

"ನಾನೂ ನೋಡಿದೆ," "ನಾನೂ," "ಬ್ರಷ್ಷಲ್ಲಿ ಉಜ್ಜಿದ," ಎಂದು ಮೇಜಿನ ಉದ್ದಕ್ಕೂ ಸಾಕ್ಷಿಗಳು ಎದ್ದರು.

ಈಗ ಹೇಳಬೇಕಿತ್ತು. ಹಣ್ಣು ನನ್ನದಲ್ಲ, ಟೈಬೀರಿಯಸ್ ಮಾರುಕಟ್ಟೆಯದು. ಎಷ್ಟು ಸುಲಭದ ಮಾತು. ಹೇಳಿದರೆ ಇಡೀ ಸಭೆಯ ಪಾಪ ಕಳೆಯುತ್ತದೆ, ಅವನ ಮಾನ ಕಳೆಯುತ್ತದೆ. ಮೆನಶೆ ಬಾಯಿ ತೆರೆದ. ಎದುರಿಗೆ ಶ್ರಾಗಾ ನಿಂತಿದ್ದ. ಬಾಯಿ ಮುಚ್ಚಿದ. ಪಕ್ಕದಿಂದ ಟಿಕ್ವಾ ಅವನ ಪಾದದ ಮೇಲೆ ತನ್ನ ಹಿಮ್ಮಡಿ ಇಟ್ಟು ಒತ್ತಿದಳು. ಆದರೂ ಮುಚ್ಚಿದ ಬಾಯಿ ಮುಚ್ಚೇ ಇತ್ತು.

ಮುಂದಿನದೆಲ್ಲ ಕಾಲೇವ್ ಕೈಗೆತ್ತಿಕೊಂಡ. ಇಂಥ ಒಂದು ಅನಾಹುತಕ್ಕಾಗಿಯೇ ಅವನು ಇಷ್ಟು ವರ್ಷ ಕಾದಿದ್ದ ಎನ್ನಬೇಕು. ತಟ್ಟೆ, ಚಾಕು, ಬುಟ್ಟಿ ಎಲ್ಲ ಕುದಿಯುವ ನೀರಿಗೆ ಹೋದವು. ರಬ್ಬಿಗಳು ಅಷ್ಟೆಲ್ಲ ಬೇಡಪ್ಪ ಎಂದರೂ ಕೇಳಲಿಲ್ಲ, ಮೇಜುಬಟ್ಟೆಯನ್ನೂ ಮುಳುಗಿಸಿದ. ಓರ್ಲಾ ಹಣ್ಣಿನದ್ದೇನೇ ಉಳಿದರೂ ಸುಡಬೇಕಾದ್ದರಿಂದ ಸಿಪ್ಪೆಯನ್ನೆಲ್ಲ ಬಾಚಿ ಮಂದಿರದ ಅಂಗಳಕ್ಕೆ ತಂದು ಬೆಂಕಿ ಹಾಕಿದರು. ಚಳಿಯ ಸಂಜೆ, ಕಿತ್ತಳೆ ಸಿಪ್ಪೆಯ ಹೊಗೆ. ಘಮ್ಮೆಂದಿತು. ಯಾರೋ ಹಾಯ್ ಎಂದು ಉಸಿರೆಳೆದರು.

"ಮೂಸಬೇಡಿ," ಎಂದು ಕಾಲೇವ್ ಗದರಿದ. "ಅದರ ಘಮವನ್ನೂ ಸುಖಪಡೋ ಹಾಗಿಲ್ಲ. ಮೂಗು ಮುಚ್ಚಿಕೊಳ್ಳಿ. ಬೆಂಕಿಗೆ ಕೈ ಕಾಯಿಸ್ತಿರೋರು ಯಾರು? ಅದೂ ಸುಖವೇ. ಹಿಂದೆ ಸರೀರಿ."

ಹೀಗೆ ಸಫೆದ್‌ನ ಮೇಲಿನ ಬೀದಿಯ ಸಮಸ್ತ ಸಭೆಯೂ ಚಳಿಯಲ್ಲಿ ನಡುಗುತ್ತ, ಬೆಂಕಿಯಿಂದ ದೂರ ನಿಂತು, ಎರಡು ಬೆರಳಲ್ಲಿ ಮೂಗು ಹಿಡಿದುಕೊಂಡು ಸಿಪ್ಪೆ ಸುಟ್ಟಿತು. ಎಲ್ಲರಿಗಿಂತ ಬಿಗಿಯಾಗಿ ಮೂಗು ಹಿಡಿದಿದ್ದವನು ಮೆನಶೆ. ಅವನ ಮುಖ ಹಿಡಿತಕ್ಕೆ ಕೆಂಪಾಗಿದೆ ಎಂದು ಜನ ತಿಳಿದರು.

ಬೈದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಯಾರೂ ಬೈಯಲಿಲ್ಲ. "ಪಾಪ, ಅವನಿಗೆ ಏನು ಗೊತ್ತು," ಅಂದರು. "ಇದ್ದದ್ದನ್ನೆಲ್ಲ ನಮಗೆ ಕೊಟ್ಟನಲ್ಲ," ಅಂದರು. ರಬ್ಬಿಗಳು ಅವನ ಭುಜ ತಟ್ಟಿ, ಕೇಳದೆ ತಿಂದ ತಪ್ಪು ನನ್ನದು ಮೆನಶೆ, ನಿನ್ನದಲ್ಲ ಅಂದರು. ಒಬ್ಬೊಬ್ಬರು ಒಂದೊಂದು ಸಮಾಧಾನ ಹೇಳಿದಾಗಲೂ ಮೆನಶೆ ಒಂದೊಂದು ಅಂಗುಲ ಕುಗ್ಗಿದ.

ಮಾರನೆಯ ಮಧ್ಯಾಹ್ನ ಟಿಕ್ವಾ ಎದುರು ಮನೆಗೆ ಸೂಪ್ ಒಯ್ದವಳು ಹಾಗೇ ವಾಪಸ್ ತಂದಳು.

"ಅಜ್ಜಿ ಉಪವಾಸ ಕೂತಿದ್ದಾಳೆ. ನೀರು ಬಿಟ್ಟರೆ ಏನೂ ಮುಟ್ಟಿಲ್ಲ. ಅವಳಿಗೆ ಸಕ್ಕರೆ ಕಾಯಿಲೆ ಇದೆ. ಮಾತ್ರೆ ನುಂಗಬೇಕಾದರೆ ಊಟ ಮಾಡಬೇಕು. ಊಟ ಇಲ್ಲ, ಮಾತ್ರೆಯೂ ಇಲ್ಲ. ರಬ್ಬಿಗಳು ಬಂದು ಉಪವಾಸ ಬೇಡಮ್ಮ ಅಂದರೂ ಕೇಳಲಿಲ್ಲವಂತೆ." ಸೂಪಿನ ಪಾತ್ರೆಯನ್ನು ಅವನ ಮುಂದೆ ಕುಕ್ಕಿದಳು. "ನಿನ್ನ ಗಿಡಕ್ಕೆ ಧೈರ್ಯ ತುಂಬಿದ್ದಾಯ್ತಲ್ಲ, ಈಗ ನೀನು ಸ್ವಲ್ಪ ತಗೋ. ಹೋಗಿ ಹೇಳು."

ಮೆನಶೆ ಪಾತ್ರೆ ಹಿಡಿದು ಹೋದ. ಅಜ್ಜಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು, ಕೈ ಸಣ್ಣಗೆ ನಡುಗುತ್ತಿತ್ತು.

"ಝಾಖೋದಲ್ಲಿ ನಮ್ಮಪ್ಪನ ದ್ರಾಕ್ಷಿ ತೋಟ ಇತ್ತು ಮಗಾ," ಅಂದಳು. "ಬರಗಾಲದ ವರ್ಷ, ಮನೇಲಿ ಹಿಟ್ಟಿಲ್ಲ. ಮೂರು ವರ್ಷ ತುಂಬದ ಎಳೆ ಬಳ್ಳಿ ತುಂಬ ಗೊಂಚಲು. ಅಪ್ಪ ಒಂದು ಕಾಳು ಮುಟ್ಟೋಕೆ ಬಿಡಲಿಲ್ಲ. ನಾವು ಮಕ್ಕಳು ಅತ್ತೆವು. ಅಪ್ಪನೂ ಅತ್ತ, ಆದರೂ ಕೊಡಲಿಲ್ಲ. ಆವತ್ತು ಹಸಿವಲ್ಲಿ ತಿನ್ನದವಳು ಈಗ ಹೊಟ್ಟೆ ತುಂಬಿದ ಮೇಲೆ ಎರಡೆರಡು ತಿಂದೆ. ಮೇಲೆ ಹೋದಾಗ ಅಪ್ಪನಿಗೆ ಯಾವ ಮುಖ ತೋರಿಸಲಿ?"

"ಅಜ್ಜಿ, ಅದು ಓರ್ಲಾ ಅಲ್ಲ," ಅಂದ ಮೆನಶೆ. "ನನ್ನ ಮರದ್ದೇ ಅಲ್ಲ. ಟೈಬೀರಿಯಸ್‌ಲಿ ಕೊಂಡು ತಂದದ್ದು. ತಂದು ತಂತೀಲಿ ಕಟ್ಟಿದೆ. ನಾನು ಸುಳ್ಳು ಹೇಳಿದೆ."

ಅಜ್ಜಿ ಅವನನ್ನೇ ನೋಡಿದಳು. ನಿಧಾನವಾಗಿ ಅವಳ ಮುಖ ಅರಳಿತು. ಕೈ ಚಾಚಿ ಅವನ ಕೆನ್ನೆ ಸವರಿದಳು.

"ನನಗೆ ಊಟ ಮಾಡಿಸೋಕೆ ನಿನ್ನ ಮೇಲೆ ನೀನೇ ಕೆಸರು ಹಾಕ್ಕೊಳ್ತೀಯಲ್ಲೋ. ನಿನ್ನಂಥವನನ್ನ ಹೆತ್ತ ಹೊಟ್ಟೆ ತಣ್ಣಗಿರಲಿ. ಸೂಪು ತಗೊಂಡು ಹೋಗು ಮಗಾ. ನಾನು ಮುಟ್ಟಲ್ಲ."

ಮೆನಶೆ ಆಣೆ ಇಟ್ಟ. ಆಣೆ ಇಟ್ಟಷ್ಟೂ ಅವಳಿಗೆ ಅವನ ಮೇಲೆ ಮಮತೆ ಹೆಚ್ಚಿತು. ಕೊನೆಗೆ ಅವಳು ಅಳತೊಡಗಿದ್ದರಿಂದ ಅವನು ಎದ್ದು ಬಂದ.

ಅಲ್ಲಿಂದ ನೇರ ರಬ್ಬಿಗಳ ಮನೆಗೆ ಓಡಿದ. ಅವರು ಹೇಳಿದರೆ ಅಜ್ಜಿ ನಂಬಿಯಾಳು. ರಬ್ಬಿಗಳು ಎಂದಿನಂತೆ ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದರು. ಕಥೆಯನ್ನೆಲ್ಲ ಕೇಳಿ ಅವರ ಕಣ್ಣು ಒದ್ದೆಯಾಯಿತು.

"ಮೆನಶೆ, ಶಾಂತಿಗೋಸ್ಕರ ಮಾತು ಸ್ವಲ್ಪ ತಿರುಗಿಸಬಹುದು ಅಂತ ನಮ್ಮ ಹಿರಿಯರೇ ಹೇಳಿದ್ದಾರೆ. ಆದರೆ ಒಬ್ಬ ಮುದುಕಿಗಾಗಿ ತನ್ನ ಮಾನವನ್ನೇ ಬಿಡೋರನ್ನ ನಾನು ನೋಡಿರಲಿಲ್ಲ. ನಿನ್ನ ಬಗ್ಗೆ ಈ ಶನಿವಾರ ಸಭೆಯಲ್ಲಿ ಮಾತಾಡ್ತೀನಿ."

"ಮಾತಾಡಬೇಡಿ," ಅಂದ ಮೆನಶೆ ಕಂಗಾಲಾಗಿ. "ರಬ್ಬಿಗಳೇ, ನಾನು ನಿಜವಾಗಲೂ ಸುಳ್ಳ."

"ವಿನಯ ನೋಡು," ಎಂದು ರಬ್ಬಿಗಳು ಹೆಂಡತಿಗೆ ಹೇಳಿದರು.

ಕೊನೆಗೆ ಮೆನಶೆಗೆ ಹೊಳೆದವನು ಶ್ರಾಗಾ. ಅವನಂಥ ಸಂಶಯದ ಪಿಶಾಚಿ ಊರಲ್ಲಿ ಇನ್ನೊಬ್ಬನಿಲ್ಲ. ಅವನು ಖಂಡಿತ ನಂಬುತ್ತಾನೆ, ನಂಬಿ ನಗುತ್ತಾನೆ, ಬೀದಿಗೆಲ್ಲ ಸಾರುತ್ತಾನೆ. ಹೋಗಿ ಅವನ ಬಾಗಿಲು ತಟ್ಟಿದ. ಶ್ರಾಗಾ ಬಾಗಿಲು ತೆರೆದವನೇ ಅವನ ಕೈ ಹಿಡಿದುಕೊಂಡ.

"ಬಾರಯ್ಯ. ನಾನೇ ಬರೋನಿದ್ದೆ. ಇಲಾಖೇಲಿ ಇಷ್ಟು ವರ್ಷ ಕೂತು ಕುರ್ಚಿ ಬಿಸಿ ಮಾಡಿದೆ. ಸಫೆದ್‌ಲಿ ಕಿತ್ತಳೆ ಆಗಲ್ಲ ಅಂತ ನಾನೇ ಎಷ್ಟು ಜನರನ್ನ ಹಿಂದಕ್ಕೆ ಕಳಿಸಿದ್ದೀನೋ. ನೀನು ಬೆಳೆದು ತೋರಿಸಿದೆ. ಓರ್ಲಾನೋ ಏನೋ, ಬೆಳೆ ಬೆಳೆಯೇ. ಬೆಳಗ್ಗೆ ಹಳೇ ಆಫೀಸಿಗೆ ಫೋನ್ ಮಾಡಿ ಹೇಳಿಬಿಟ್ಟೆ, ನಾನು ಕತ್ತೆ ಅಂತ."

"ಶ್ರಾಗಾ, ನೀವು ಕತ್ತೆ ಅಲ್ಲ. ನೀವು ಹೇಳಿದ್ದೇ ಸರಿ. ನಾನು ಹಣ್ಣನ್ನ ತಂತೀಲಿ ಕಟ್ಟಿದ್ದು."

"ದೊಡ್ಡ ಮನಸ್ಸು ನಿಂದು," ಅಂದ ಶ್ರಾಗಾ. "ನನ್ನ ಮರ್ಯಾದೆ ಉಳಿಸೋಕೆ ನೋಡ್ತಿದ್ದೀಯ. ಬೇಡ. ನಾನು ನನ್ನ ಕಣ್ಣಾರೆ ಮರದ ಮೇಲೆ ಕಂಡಿದ್ದೀನಿ."

ಮೆನಶೆ ಬೀದಿಯಲ್ಲಿ ನಿಂತ. ಸುಳ್ಳು ಹೇಳಿದಾಗ ಒಂದೇ ಮಾತಿಗೆ ನಂಬಿದ ಊರು ನಿಜ ಹೇಳಿದರೆ ಹಾರ ಹಾಕಲು ಬರುತ್ತಿತ್ತು. ಮುಖ ಎಲ್ಲಿಟ್ಟುಕೊಳ್ಳುವುದೋ ಅವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಎದುರು ಮನೆಯಿಂದ ಟಿಕ್ವಾ ಓಡುತ್ತ ಬಂದಳು. ಅಜ್ಜಿ ನೀರಿಗೆ ಎದ್ದವಳು ತಲೆ ತಿರುಗಿ ಗೋಡೆ ಹಿಡಿದು ಕುಸಿದಿದ್ದಳಂತೆ. ಎತ್ತಿ ಕೂರಿಸಿದ್ದಾಯಿತು, ಸಕ್ಕರೆ ನೀರು ಕುಡಿಸಹೋದರೆ ಹಲ್ಲು ಕಚ್ಚಿಕೊಂಡಿದ್ದಾಳಂತೆ.

ಮಾತಿನಿಂದ ಕೆಲಸ ಆಗುವುದಿಲ್ಲ ಎಂದು ಜೀವನದಲ್ಲಿ ಮೊದಲ ಸಲ ಮೆನಶೆಗೆ ಅರ್ಥವಾಗಿತ್ತು. ಸೀದಾ ತನ್ನ ಮನೆಯ ಅಡುಗೆಮನೆಗೆ ನುಗ್ಗಿ ಮೂಲೆಯಲ್ಲಿದ್ದ ಆಲೂಗಡ್ಡೆಯ ಬುಟ್ಟಿ ಎತ್ತಿಕೊಂಡ. ಏಣಿ ಹಾಕಿದ. ಮರ ಹತ್ತಿ, ಜೇಬಿನಿಂದ ತಂತಿ ತೆಗೆದು, ಅಜ್ಜಿಯ ಕಿಟಕಿಗೆ ಎದುರಾಗಿ ಒಂದು ಆಲೂಗಡ್ಡೆ ಕಟ್ಟಿದ. ಇನ್ನೊಂದು ಕಟ್ಟಿದ. ಆಲೂಗಡ್ಡೆ ಮುಗಿದಾಗ ಈರುಳ್ಳಿ ಕಟ್ಟಿದ.

ಮೊದಲು ಕಂಡವನು ಶ್ರಾಗಾ. ಕನ್ನಡಕ ಒರೆಸುವ ಗೋಜಿಗೆ ಈ ಸಲ ಹೋಗಲಿಲ್ಲ. ಅವನ ಕೂಗಿಗೆ ಕಾಲೇವ್ ಬಂದ, ಅಂಗಡಿಯವನು ಬಂದ, ಬೀದಿಯೇ ಬಂದು ಕಾಂಪೌಂಡಿಗೆ ಗಲ್ಲ ಊರಿತು. ರಬ್ಬಿ ಎಲ್ಕಾನಾ ಬಿಸಿನೀರಿನ ಚೀಲ ಹಿಡಿದೇ ಬಂದರು.

"ತಲೆ ಕೆಟ್ಟಿತು," ಅಂದ ಕಾಲೇವ್. "ತಂಗೀ, ಯಾವಾಗಿನಿಂದ ಹೀಗೆ?"

"ಮದುವೆ ಆದಾಗಿನಿಂದ," ಅಂದಳು ಟಿಕ್ವಾ.

ಮೆನಶೆ ಏಣಿಯ ಮೇಲಿಂದಲೇ ಕಿಟಕಿಯ ಕಡೆ ತಿರುಗಿದ. "ಅಜ್ಜಿ, ಇಲ್ಲಿ ನೋಡಿ. ಈ ಮರದಲ್ಲಿ ಏನು ಬಿಟ್ಟಿದೆ?"

ಅಜ್ಜಿ ಕುರ್ಚಿಯ ಕೈ ಹಿಡಿದು ಮುಂದಕ್ಕೆ ಬಾಗಿದಳು. ಕಣ್ಣು ಕಿರಿದು ಮಾಡಿದಳು. "ಆಲೂಗಡ್ಡೆ," ಅಂದಳು. ಸ್ವಲ್ಪ ತಡೆದು, "ಈರುಳ್ಳಿ," ಅಂದಳು.

"ದೂರದಿಂದ ಬಿಟ್ಟ ಹಾಗೇ ಕಾಣತ್ತಲ್ವಾ?"

"ಕಾಣತ್ತೆ."

"ಕಿತ್ತಳೆಯೂ ಹೀಗೇ ಬಿಟ್ಟಿತ್ತು ಅಜ್ಜಿ. ನನ್ನ ಮರದಲ್ಲಿ ಇವತ್ತಿನವರೆಗೆ ಒಂದು ಕಾಯಿ ಆಗಿಲ್ಲ. ಶ್ರಾಗಾ ನಗ್ತಾರೆ ಅಂತ ಸುಳ್ಳು ಹೇಳಿದೆ. ರಬ್ಬಿಗಳು ಕೇಳಿದಾಗಲೂ ಬಾಯಿ ಬಿಡಲಿಲ್ಲ. ನೀವೆಲ್ಲ ಮೂಗು ಮುಚ್ಚಿಕೊಂಡು ನಿಂತಾಗ ನಾನೂ ಮುಚ್ಚಿಕೊಂಡು ನಿಂತೆ. ನನಗೆ ನಾಚಿಕೆ ಆಗತ್ತೆ. ತುಂಬ ನಾಚಿಕೆ ಆಗತ್ತೆ."

ಈರುಳ್ಳಿಯೊಂದು ತಂತಿ ಸಡಿಲಾಗಿ ಕೆಳಗೆ ಬಿತ್ತು. ರಬ್ಬಿಗಳು ಗಂಟಲು ಸರಿಮಾಡಿಕೊಂಡರು.

"ಟೈಬೀರಿಯಸ್ ಅಂಗಡೀಲಿ ದೇವರ ಪಾಲಿನ ದಶಮಾಂಶ ತೆಗೆದ ಪ್ರಮಾಣಪತ್ರ ತೂಗುಹಾಕಿತ್ತಾ?"

"ಹಾಕಿತ್ತು. ನೋಡೇ ಕೊಂಡೆ."

"ಅಂದರೆ ನಾವು ತಿಂದದ್ದು ಶುದ್ಧ," ಅಂದರು ರಬ್ಬಿಗಳು. ಇಡೀ ಬೀದಿ ಉಸಿರು ಬಿಟ್ಟಿತು. ಒಬ್ಬರನ್ನೊಬ್ಬರು ತಬ್ಬಿಕೊಂಡರು. ಕಾಲೇವ್ ಮಾತ್ರ, ಅಷ್ಟು ಪಾತ್ರೆ ಕುದಿಸಿದ್ದು ಸುಮ್ಮನೆ ಆಯಿತಲ್ಲ ಎಂದು ಸಪ್ಪಗಾದ. ಶ್ರಾಗಾ ನಗಬೇಕೆಂದು ಬಾಯಿ ತೆರೆದ. ತಾನು ಬೆಳಗ್ಗೆ ಹಳೇ ಆಫೀಸಿಗೆ ಫೋನ್ ಮಾಡಿ ಹೇಳಿದ್ದು ನೆನಪಾಗಿ ಒಳಗೆ ಹೋದ. ಸಂತೋಷದ ಗದ್ದಲದಲ್ಲಿ ಮೆನಶೆಯನ್ನು ಬೈಯಲು ಯಾರಿಗೂ ಪುರಸೊತ್ತಿರಲಿಲ್ಲ.

ಝರೀಫಾ ಅಜ್ಜಿ ಮರವನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಟಿಕ್ವಾಗೆ, "ಸೂಪು ತಾ," ಅಂದಳು. ಬಿಸಿ ಮಾಡಿ ಕೊಟ್ಟರು. ಬ್ರೆಡ್ಡು ಅದ್ದಿಕೊಂಡು ಪೂರ್ತಿ ಮುಗಿಸಿದಳು. ಇನ್ನೊಂದು ಬಟ್ಟಲು ಕೇಳಿ ಹಾಕಿಸಿಕೊಂಡಳು. ಮುಖಕ್ಕೆ ಬಣ್ಣ ಬಂತು. ಏಣಿಯಿಂದಿಳಿದು ಬಾಗಿಲ ಬಳಿ ಬಂದು ನಿಂತಿದ್ದ ಮೆನಶೆಯ ಕಡೆ ಅವಳು ತಿರುಗಲಿಲ್ಲ. ಅವನೂ ಒಳಗೆ ಬರಲಿಲ್ಲ. ಬಟ್ಟಲು ಖಾಲಿಯಾಗುವವರೆಗೆ ಅಲ್ಲೇ ನಿಂತಿದ್ದು ಹೋದ.

ಮಾರನೆಯ ಬೆಳಗ್ಗೆ ಔಷಧಿ ಓದುವ ಹೊತ್ತಿಗೆ ಎಂದಿನಂತೆ ಹೋದ. ಅಜ್ಜಿ ಬಾ ಎಂದಳು, ಕೂತುಕೋ ಎಂದಳು, ಚಹಾ ಕೊಟ್ಟಳು. ಬಾಯಲ್ಲಿ ಒಂದು ಕಟು ಮಾತಿಲ್ಲ. ಮೆನಶೆಯ ಎದೆ ಸ್ವಲ್ಪ ಹಗುರಾಯಿತು. ಅವಳು ಹೊರಗೆ ಹೊರಡಲು ಕೋಲು ತೆಗೆದುಕೊಂಡಿದ್ದು ನೋಡಿ ಅವನು ಮೃದುವಾಗಿ ಹೇಳಿದ.

"ಅಜ್ಜಿ, ದಪ್ಪ ಶಾಲು ಹೊದ್ದುಕೊಳ್ಳಿ. ಹೊರಗೆ ತುಂಬ ಚಳಿ ಇದೆ."

ಅಜ್ಜಿ ಹೂಂ ಅಂದಳು. ಎದ್ದು ನಿಧಾನವಾಗಿ ಕಿಟಕಿಯ ಬಳಿ ಹೋದಳು, ಚಿಲಕ ತೆಗೆದಳು, ಕೈಯನ್ನು ಹೊರಗೆ ಚಾಚಿ ನೋಡಿದಳು. ಆಮೇಲೆ ಶಾಲು ಹೊದ್ದುಕೊಂಡಳು.